ಕೈಯಲ್ಲೇ ಕತ್ತಿ ಬೀಸುವ ಗೇಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ನಡೆಸುವ ಸಣ್ಣ ಗೇಮ್ ಕೋಣೆಯಲ್ಲಿ ಕತ್ತಿ ಆಟಕ್ಕೇ ಜಾಸ್ತಿ ಜನ. ಬರೀ ಗುಂಡಿ ಒತ್ತುವ ಆಟ ಅಲ್ಲ ಇದು. ನೀವು ಕೈ ಬೀಸಿದರೆ ಪರದೆಯಲ್ಲಿರುವವನು ಕತ್ತಿ ಬೀಸುತ್ತಾನೆ. ರಜೆಗೆ ಸಿರುಗುಪ್ಪ, ಕಂಪ್ಲಿ, ಗಂಗಾವತಿ ಕಡೆಯಿಂದ ಬರುವ ಹುಡುಗರು, ಅವರನ್ನು ಕರೆತರುವ ಅಪ್ಪಂದಿರು, ಮಾವಂದಿರು ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲಿ ಆಡುವವರಿಗೂ ಉಪಯೋಗಕ್ಕೆ ಬರುತ್ತದೆ.

ಹೆಚ್ಚಿನ ಮಾತು 'ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸೋರ್ಡ್ ಎಚ್‌ಡಿ' ಬಗ್ಗೆ. ಇದು 2011ರಲ್ಲಿ ನಿಂಟೆಂಡೊ ವೀ ಯಂತ್ರಕ್ಕೆ ಬಂದ ಆಟ. 2021ರ ಜುಲೈನಲ್ಲಿ ಅದೇ ಕಂಪನಿಯ ಇನ್ನೊಂದು ಯಂತ್ರವಾದ ಸ್ವಿಚ್‌ಗೆ ಹೊಸದಾಗಿ ಬಂತು. ಇಬ್ಬರು ಎದುರುಬದುರು ಆಡುವ 'ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್' ಬಗ್ಗೆಯೂ ಸ್ವಲ್ಪ ಇದೆ.

ನಾನು ಕೈ ಬೀಸಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಟಿವಿಯಲ್ಲಿ ಕ್ಯಾಮೆರಾ ಇದೆಯಾ?

ಇಲ್ಲ. ಯಾರೂ ನಿಮ್ಮನ್ನು ನೋಡುತ್ತಿಲ್ಲ. ನಿಮ್ಮ ಕೈಯಲ್ಲಿರುವ ಸ್ವಿಚ್ ರಿಮೋಟ್, ಅಂದರೆ ಜಾಯ್‌ಕಾನ್ ಒಳಗೆ ಚಲನೆ ಅಳೆಯುವ ಎರಡು ಸೆನ್ಸರ್ ಇವೆ. ಒಂದು ಅಕ್ಸೆಲೆರೋಮೀಟರ್. ಅದು ಎಳೆತ, ತಳ್ಳಾಟ ಮತ್ತು ಭೂಮಿಯ ಸೆಳೆತವನ್ನು ಅಳೆಯುತ್ತದೆ. ಅದರಿಂದ ಕೆಳಗು ಯಾವ ಕಡೆ ಅನ್ನುವುದು ರಿಮೋಟಿಗೆ ತಿಳಿಯುತ್ತದೆ. ಇನ್ನೊಂದು ಗೈರೋಸ್ಕೋಪ್. ರಿಮೋಟ್ ಯಾವ ಕಡೆಗೆ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹೇಳುವುದು ಇದೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ನಿಮ್ಮ ಕೈ ಕೋಣೆಯಲ್ಲಿ ಎಲ್ಲಿದೆ ಎಂಬುದು ಈ ರಿಮೋಟಿಗೆ ಗೊತ್ತಿಲ್ಲ. ಕೈ ಹೇಗೆ ತಿರುಗಿತು, ಎಷ್ಟು ಜೋರಾಗಿ ಹೊರಟಿತು ಅನ್ನುವುದಷ್ಟೇ ಗೊತ್ತು. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಇಷ್ಟೇ.

ನಾನು ಬಲಕ್ಕೆ ಬೀಸಿದರೆ ಅವನು ಎಡಕ್ಕೆ ಹೊಡೆಯುತ್ತಾನೆ. ರಿಮೋಟ್ ಕೆಟ್ಟಿದೆಯಾ?

ದಿನಾ ಕೇಳುವ ಪ್ರಶ್ನೆ ಇದು. ರಿಮೋಟ್ ಕೆಟ್ಟಿಲ್ಲ.

ಎಡದಿಂದ ಬಲಕ್ಕೆ ಜೋರಾಗಿ ಬೀಸಬೇಕು ಅಂದರೆ ನೀವು ಮೊದಲು ಏನು ಮಾಡುತ್ತೀರಿ? ಕೈಯನ್ನು ಎಡಕ್ಕೆ ಎಳೆದುಕೊಳ್ಳುತ್ತೀರಿ. ಅದನ್ನೇ ರಭಸದಿಂದ ಮಾಡಿದರೆ ರಿಮೋಟ್ ಏನಂದುಕೊಳ್ಳಬೇಕು? ಎಡಕ್ಕೆ ಒಂದು ಏಟು ಬಿತ್ತು ಅಂದುಕೊಳ್ಳುತ್ತದೆ. ನಿಮ್ಮ ಮನಸ್ಸಿನಲ್ಲಿ ಅದು ತಯಾರಿ, ಯಂತ್ರಕ್ಕೆ ಅದೇ ಏಟು. ಆಮೇಲೆ ನೀವು ಬಲಕ್ಕೆ ಬೀಸಿದ್ದು ಎರಡನೇ ಏಟು. ಅಷ್ಟರಲ್ಲಿ ಶತ್ರು ಮೊದಲನೆಯದನ್ನು ತಡೆದು, ನಿಮಗೆ ತಿರುಗಿ ಕೊಟ್ಟಾಗಿರುತ್ತದೆ.

ಪರಿಹಾರ ಇಷ್ಟೇ. ಕೈಯನ್ನು ನಿಧಾನಕ್ಕೆ ಎಳೆದುಕೊಳ್ಳಿ. ಅಲ್ಲಿ ಒಂದು ಕ್ಷಣ ನಿಲ್ಲಿಸಿ. ಆಮೇಲೆ ಬೀಸಿ. ಬೀಸಿದ ಮೇಲೂ ಅಷ್ಟೇ, ಕೈಯನ್ನು ಥಟ್ಟನೆ ವಾಪಸ್ ತರಬೇಡಿ. ಬೀಸಿದ ಜಾಗದಲ್ಲೇ ಬಿಟ್ಟು, ಮುಂದಿನ ಏಟನ್ನು ಅಲ್ಲಿಂದಲೇ ಶುರು ಮಾಡಿ. ಬಲಕ್ಕೆ ಬೀಸಿದ ಕೈ ಬಲದಲ್ಲೇ ಇದೆ, ಸರಿ, ಈಗ ಎಡಕ್ಕೆ ಬೀಸಿ. ಈ ಕ್ರಮ ಕೈಗೆ ಹತ್ತಿದರೆ ಆಟ ಅರ್ಧ ಸುಲಭ.

ಹುಡುಗರು ಇದನ್ನು ಕೇಳುವುದಿಲ್ಲ. ಸುಮ್ನೆ ಪಟಪಟ ಅಂತ ಬೀಸುತ್ತಾರೆ. ಜೊತೆಗೆ ಬಂದ ಅಜ್ಜಿಯರು ನಿಧಾನಕ್ಕೆ ಬೀಸಿ ಅವರಿಗಿಂತ ಚೆನ್ನಾಗಿ ಆಡಿದ್ದನ್ನು ನಾನು ನೋಡಿದ್ದೇನೆ.

ಎಷ್ಟು ಜೋರಾಗಿ ಬೀಸಬೇಕು?

ಜೋರು ಮುಖ್ಯ ಅಲ್ಲ, ದಿಕ್ಕು ಸ್ಪಷ್ಟ ಇರಬೇಕು. ಈ ಆಟದಲ್ಲಿ ಬೀಸುವುದಕ್ಕೆ ಎಂಟು ದಿಕ್ಕು: ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಎಡ, ಬಲ, ಮತ್ತೆ ನಾಲ್ಕು ಓರೆ. ಇದರ ಜೊತೆಗೆ ನೇರ ತಿವಿತ. ನೀವು ಅಡ್ಡವೂ ಅಲ್ಲದ ಓರೆಯೂ ಅಲ್ಲದ ಏಟು ಹಾಕಿದರೆ ಆಟ ತನಗೆ ಹತ್ತಿರ ಅನಿಸಿದ ದಿಕ್ಕನ್ನು ಆರಿಸಿಕೊಳ್ಳುತ್ತದೆ.

ನಮ್ಮ ಕಡೆಯ ಬಯಲಾಟ ನೋಡಿದ್ದೀರಲ್ಲ. ಇಬ್ಬರು ವೀರರು ಕಾದಾಡುವಾಗ ಕತ್ತಿಯ ಪ್ರತಿ ಏಟೂ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕಾಣಬೇಕು. ಕೈ ಪೂರ್ತಿ ಎತ್ತಿ, ತಡೆದು, ತಾಳಕ್ಕೆ ಸರಿಯಾಗಿ ಇಳಿಸುತ್ತಾರೆ. ರಿಮೋಟಿಗೂ ಹಾಗೇ ತೋರಿಸಿ ಹೊಡೆಯಬೇಕು.

ಮಣಿಕಟ್ಟು ಮಾತ್ರ ತಿರುಗಿಸಿದರೂ ಸಾಕಾಗುತ್ತದೆ. ಆದರೆ ಮಣಿಕಟ್ಟು ತಿರುಗುವಾಗ ಏಟು ಓರೆಯಾಗುವುದು ಜಾಸ್ತಿ. ಮೊದಲು ಮೊಣಕೈಯಿಂದ ಬೀಸುವುದನ್ನು ಕಲಿಯಿರಿ.

ತಿವಿಯಲು ಹೋದರೆ ಬೀಸಿಬಿಡುತ್ತಾನೆ. ಯಾಕೆ?

ತಿವಿಯುವಾಗ ನಿಮ್ಮ ಮಣಿಕಟ್ಟು ತಿರುಗುತ್ತಿದೆ. ಗೈರೋಸ್ಕೋಪಿಗೆ ತಿರುಗಿದ್ದು ಕಂಡರೆ ಅದು ಬೀಸಿದ ಲೆಕ್ಕ. ತುದಿಯನ್ನು ನೇರ ಟಿವಿ ಕಡೆ ಹಿಡಿಯಿರಿ. ಮಣಿಕಟ್ಟು ಬಿಗಿ ಮಾಡಿ. ಮೊಣಕೈಯಿಂದ ಮುಂದಕ್ಕೆ ತಳ್ಳಿ, ಗಕ್ಕನೆ ನಿಲ್ಲಿಸಿ. ಆ ನಿಲ್ಲಿಸುವುದೇ ಮುಖ್ಯ.

ಸ್ವಲ್ಪ ಹೊತ್ತು ಆಡಿದ ಮೇಲೆ ಕತ್ತಿ ಒಂದು ಕಡೆಗೆ ವಾಲುತ್ತದೆ. ನಾನು ನೇರ ಹಿಡಿದಿದ್ದೇನೆ, ಅವನು ಎಡಕ್ಕೆ ಹಿಡಿದಿದ್ದಾನೆ.

ಗೈರೋಸ್ಕೋಪ್ ತಿರುಗುವ ವೇಗವನ್ನು ಮಾತ್ರ ಅಳೆಯುತ್ತದೆ ಅಂದೆ. ಆ ವೇಗಗಳನ್ನು ಕ್ಷಣಕ್ಷಣಕ್ಕೂ ಕೂಡುತ್ತಾ ಹೋಗಿ, ಈಗ ರಿಮೋಟ್ ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕುತ್ತಾರೆ. ಪ್ರತಿ ಅಳತೆಯಲ್ಲೂ ಚಿಕ್ಕ ತಪ್ಪು ಇದ್ದೇ ಇರುತ್ತದೆ. ಕೂಡುತ್ತಾ ಹೋದಂತೆ ತಪ್ಪೂ ಬೆಳೆಯುತ್ತದೆ. ಮೇಲೆ ಕೆಳಗೆ ವಾಲಿದರೆ ತಿದ್ದಲು ಭೂಮಿಯ ಸೆಳೆತ ಇದೆ, ಅಕ್ಸೆಲೆರೋಮೀಟರ್ ಅದನ್ನು ನೋಡಿ ಸರಿಮಾಡುತ್ತದೆ. ಎಡ ಬಲಕ್ಕೆ ಅಂಥ ಆಧಾರ ಯಾವುದೂ ಇಲ್ಲ. ಅದಕ್ಕೇ ಕತ್ತಿ ಯಾವಾಗಲೂ ಅಕ್ಕಪಕ್ಕಕ್ಕೆ ಜಾರುತ್ತದೆ.

ಹೊಸ ಆಟದಲ್ಲಿ ಇದಕ್ಕೆ ಸುಲಭ ದಾರಿ ಇದೆ. ರಿಮೋಟನ್ನು ಟಿವಿಯ ನಡುವಿಗೆ ನೇರ ಹಿಡಿದು ವೈ ಗುಂಡಿ ಒತ್ತಿ. ಹಳೆಯ ವೀಯಲ್ಲಿ ಪ್ಲಸ್ ಆಕಾರದ ಗುಂಡಿಯ ಕೆಳಭಾಗ. ಜಗಳ ಶುರುವಾಗುವ ಮೊದಲು ಒಮ್ಮೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ನುರಿತವರು ಇದನ್ನು ಗಮನಿಸದೇ ಮಾಡುತ್ತಿರುತ್ತಾರೆ.

ತೀರಾ ಜಾಸ್ತಿ ಜಾರುತ್ತಿದ್ದರೆ ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಮತ್ತು ಸೆನ್ಸರ್ ಅನ್ನುವ ಕಡೆ ಹೋಗಿ ಚಲನೆಯ ಕ್ಯಾಲಿಬ್ರೇಷನ್ ಮಾಡಿ. ಜಾಯ್‌ಕಾನನ್ನು ಸಮತಟ್ಟು ಮೇಜಿನ ಮೇಲೆ ಇಡಬೇಕು. ಹಾಸಿಗೆ, ದಿಂಬು, ತೊಡೆ ಬೇಡ. ಮೇಜಿನ ಮೇಲೆ ಮಿಕ್ಸರ್ ತಿರುಗುತ್ತಿದ್ದರೆ ಅದನ್ನೂ ನಿಲ್ಲಿಸಿ. ರಿಮೋಟ್ ಅಲುಗಾಡದೆ ಇರುವಾಗ ಸೊನ್ನೆ ಎಷ್ಟು ಅಂತ ಅದು ಕಲಿಯುತ್ತಿರುತ್ತದೆ.

ಇನ್ನೊಂದು ಮಾತು. ನೀವು ಕೈ ತೆಗೆದರೂ ಆಟದ ನಾಯಕ ಲಿಂಕ್ ತಾನೇ ನಡೆಯುತ್ತಾ ಹೋದರೆ ಅದು ಬೇರೆ ರೋಗ. ಅದು ಹೆಬ್ಬೆರಳಿನ ಸ್ಟಿಕ್ ಸವೆದದ್ದು. ಕ್ಯಾಲಿಬ್ರೇಷನ್‌ನಿಂದ ಸ್ವಲ್ಪ ದಿನ ದೂಡಬಹುದು. ಕೊನೆಗೆ ಸ್ಟಿಕ್ ಬದಲಿಸಬೇಕು.

ಶತ್ರು ಎಲ್ಲಾ ಏಟನ್ನೂ ತಡೆಯುತ್ತಾನೆ. ಇದು ಮೋಸ ಅಲ್ವಾ?

ಮೋಸ ಅಲ್ಲ, ಅದೇ ಆಟ. ಬೇರೆ ಆಟಗಳಲ್ಲಿ ಒಂದೇ ಗುಂಡಿಯನ್ನು ಕುಟ್ಟುತ್ತಾ ಹೋದರೆ ಶತ್ರು ಸಾಯುತ್ತಾನೆ. ಇಲ್ಲಿ ಪ್ರತಿಯೊಬ್ಬ ಶತ್ರುವೂ ಒಂದು ಒಗಟು. ಯಾವ ದಿಕ್ಕು ಖಾಲಿ ಇದೆ ಎಂದು ನೋಡಿ ಅಲ್ಲೇ ಹೊಡೆಯಬೇಕು.

ಡೆಕು ಬಾಬಾ ಅನ್ನುವ ಬಾಯಿಬಡುಕ ಗಿಡದಿಂದ ಶುರು ಮಾಡೋಣ. ಅದು ಬಾಯಿಯನ್ನು ಒಮ್ಮೆ ಉದ್ದಕ್ಕೆ ತೆರೆಯುತ್ತದೆ, ಒಮ್ಮೆ ಅಡ್ಡಕ್ಕೆ. ಬಾಯಿ ಹೇಗೆ ತೆರೆದಿದೆಯೋ ಹಾಗೇ ಸೀಳಬೇಕು. ಅಡ್ಡ ತೆರೆದಾಗ ಉದ್ದಕ್ಕೆ ಹೊಡೆದರೆ ಏನೂ ಆಗುವುದಿಲ್ಲ. ಬೊಕೊಬ್ಲಿನ್ ತನ್ನ ಕತ್ತಿಯನ್ನು ಒಂದು ಕಡೆ ಅಡ್ಡ ಹಿಡಿದಿರುತ್ತದೆ, ಇನ್ನೊಂದು ಕಡೆ ಖಾಲಿ. ಸ್ಟಾಲ್ಫಾಸ್ ಅನ್ನುವ ಅಸ್ಥಿಪಂಜರ ಎರಡು ಕತ್ತಿ ಹಿಡಿದು ದಿಕ್ಕು ಬದಲಿಸುತ್ತಲೇ ಇರುತ್ತದೆ. ಅದರ ಕತ್ತಿಗಳು ನಿಂತ ಗಳಿಗೆಯಲ್ಲಿ ಆ ಗೆರೆಗೆ ಸರಿಯಾಗಿ ಬೀಸಬೇಕು. ಮೂರು ತಲೆಯ ಸ್ಟಾಲ್ಡ್ರಾ ಇದೆ. ಮೂರೂ ತಲೆ ಒಂದೇ ಸಾಲಿಗೆ ಬಂದಾಗ ಒಂದೇ ಏಟಿಗೆ ಮೂರನ್ನೂ ಕತ್ತರಿಸಬೇಕು, ಒಂದು ಉಳಿದರೂ ಮಿಕ್ಕವು ಮತ್ತೆ ಬೆಳೆಯುತ್ತವೆ. ಬೀಮೋಸ್ ಕಂಬವನ್ನು ಅಡ್ಡಡ್ಡ ಕತ್ತರಿಸಿ ಕೆಳಗಿಳಿಸಿ ಕಣ್ಣಿಗೆ ತಿವಿಯಬೇಕು.

ನನಗೆ ಇಷ್ಟವಾದದ್ದು ಬಾಗಿಲ ಮೇಲಿನ ಕಣ್ಣು. ಅದು ನಿಮ್ಮ ಕತ್ತಿಯ ತುದಿಯನ್ನೇ ನೋಡುತ್ತಿರುತ್ತದೆ. ತುದಿಯನ್ನು ಗುಂಡಗೆ ಸುತ್ತಿಸುತ್ತಾ ಇದ್ದರೆ ತಲೆ ತಿರುಗಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ. ಇದನ್ನು ಮೊದಲ ಸಲ ಕಂಡ ಮಕ್ಕಳು ಕೋಣೆ ತುಂಬಾ ಕೂಗುತ್ತಾರೆ.

ಅಭ್ಯಾಸಕ್ಕೆ ಸ್ಕೈಲಾಫ್ಟ್ ಊರಿನ ಶಾಲೆಯ ಹತ್ತಿರ ಒಂದು ಕತ್ತಿ ತಾಲೀಮಿನ ಮನೆ ಇದೆ. ಅಲ್ಲಿ ಮರದ ದಿಮ್ಮಿಗಳಿವೆ. ಎಂಟೂ ದಿಕ್ಕಿನ ಏಟು ಕೈಗೆ ಬರುವವರೆಗೂ ಅಲ್ಲೇ ಇರಿ. ಅಲ್ಲಿ ಯಾರೂ ತಿರುಗಿ ಹೊಡೆಯುವುದಿಲ್ಲ.

ಗಿರಾಹಿಮ್ ನನ್ನ ಕತ್ತಿಯನ್ನು ಬರಿಗೈಯಲ್ಲಿ ಹಿಡಿದುಬಿಡುತ್ತಾನೆ. ಹೇಗೆ ಗೆಲ್ಲುವುದು?

ಬಂದವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಸ್ಕೈವ್ಯೂ ಗುಡಿಯ ಕೊನೆಯಲ್ಲಿ ಬರುವ ಮೊದಲ ದೊಡ್ಡ ಎದುರಾಳಿ ಇವನು. ಬಿಳಿ ಕೂದಲು, ಬಹಳ ಠೀವಿ. ಕೈ ಮುಂದೆ ಮಾಡಿಕೊಂಡು ನಿಮ್ಮ ಕಡೆಗೆ ನಡೆದು ಬರುತ್ತಾನೆ.

ಅವನ ಕೈಯನ್ನು ನೋಡಿ. ನೀವು ಕತ್ತಿಯನ್ನು ಎಲ್ಲಿ ಹಿಡಿದಿದ್ದೀರೋ ಅವನ ಕೈ ಅದರ ಹಿಂದೆಯೇ ಬರುತ್ತದೆ. ಕತ್ತಿಯನ್ನು ಬಲಕ್ಕೆ ಹಿಡಿದು ಬಲದಿಂದಲೇ ಬೀಸಿದರೆ ಅವನ ಕೈ ಆಗಲೇ ಅಲ್ಲಿದೆ, ಹಿಡಿದುಕೊಳ್ಳುತ್ತಾನೆ. ಹಿಡಿದ ಮೇಲೆ ಕಿತ್ತುಕೊಂಡು ನಿಮ್ಮ ಮೇಲೇ ಎಸೆಯುತ್ತಾನೆ.

ಹಾಗಾಗಿ ಅವನ ಕೈಯನ್ನು ಒಂದು ಕಡೆ ಕಳಿಸಿ, ಏಟನ್ನು ಇನ್ನೊಂದು ಕಡೆಯಿಂದ ಹಾಕಬೇಕು. ಕತ್ತಿಯನ್ನು ಬಲಕ್ಕೆ ತಂದು ನಿಲ್ಲಿಸಿ. ಅವನ ಕೈ ಅಲ್ಲಿಗೆ ಬರಲಿ. ಈಗ ಬೇರೆ ಕಡೆಗೆ ಕತ್ತಿಯನ್ನು ತಂದು, ಅವನ ಕೈ ತಲುಪುವ ಮೊದಲು ಹೊಡೆಯಿರಿ. ಇಲ್ಲಿ ಒಂದು ತೊಡಕಿದೆ. ಕತ್ತಿ ಆ ಕಡೆಗೆ ತರುವಾಗ ಜೋರಾಗಿ ತಂದರೆ, ಮೇಲೆ ಹೇಳಿದ ಹಾಗೆ ಅದೇ ಏಟಾಗಿಬಿಡುತ್ತದೆ. ನಿಧಾನಕ್ಕೆ ತಂದರೆ ಅವನ ಕೈಯೂ ಹಿಂದೆಯೇ ಬರುತ್ತದೆ. ಏಟು ಅಂತ ಎಣಿಸದಷ್ಟು ಮೆಲ್ಲಗೆ, ಅವನ ಕೈಗಿಂತ ಬೇಗ: ಆ ನಡುವಿನ ವೇಗ ಕೈಗೆ ಸಿಗಬೇಕು. ಹೇಳಿಕೊಟ್ಟರೆ ಬರುವುದಿಲ್ಲ, ಕೈಯೇ ಕಲಿಯಬೇಕು. ಕೆಳಗಿಂದ ಮೇಲಕ್ಕೆ ಹೊಡೆಯುವುದನ್ನೂ ಮರೆಯಬೇಡಿ. ಬಹಳ ಜನ ಎಡ ಬಲದಲ್ಲೇ ಸುತ್ತುತ್ತಾರೆ.

ಮುಂದೆ ಇವನು ಇನ್ನೂ ಎರಡು ಸಲ ಸಿಗುತ್ತಾನೆ. ಇಲ್ಲಿ ಕಲಿತದ್ದು ಅಲ್ಲೂ ಬೇಕಾಗುತ್ತದೆ.

ಕತ್ತಿಯನ್ನು ಮೇಲೆತ್ತಿದರೂ ಬೆಳಕು ತುಂಬುತ್ತಿಲ್ಲ.

ರಿಮೋಟಿನ ತುದಿ ಮಾಳಿಗೆ ಕಡೆ ನೇರ ಇರಬೇಕು. ಕೈ ಎತ್ತಿದ್ದೀರಿ, ಆದರೆ ತುದಿ ಟಿವಿ ಕಡೆಗೇ ಇದೆ, ಅದಕ್ಕೆ ಆಗುತ್ತಿಲ್ಲ. ಕೈ ಎತ್ತುವುದೇ ಬೇಕಾಗಿಲ್ಲ. ಎದೆಯ ಹತ್ತಿರ ಹಿಡಿದು ತುದಿ ಮೇಲೆ ಮಾಡಿ, ಅಲುಗಾಡಿಸದೆ ಕಾಯಿರಿ, ಸಾಕು. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ನೋಡಿಕೊಂಡು.

ಗುರಾಣಿ ಯಾವಾಗ ಬಳಸಬೇಕು?

ಎಡಗೈಯ ಜಾಯ್‌ಕಾನನ್ನು ಮುಂದಕ್ಕೆ ತಳ್ಳಿದರೆ ಗುರಾಣಿಯಿಂದ ತಳ್ಳಿದ ಹಾಗೆ. ಶತ್ರುವಿನ ಏಟು ಬರುವ ಗಳಿಗೆಗೆ ಸರಿಯಾಗಿ ತಳ್ಳಿದರೆ ಅವನೇ ತೂರಾಡುತ್ತಾನೆ, ಗುರಾಣಿಗೆ ಪೆಟ್ಟಾಗುವುದಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತರೆ ಗುರಾಣಿ ಸವೆದು ಕೊನೆಗೆ ಒಡೆದುಹೋಗುತ್ತದೆ. ಮರದ ಗುರಾಣಿ ಬೆಂಕಿಗೆ ಸುಡುತ್ತದೆ. ಕಬ್ಬಿಣದ್ದು ಕರೆಂಟ್ ಹಿಡಿದ ಶತ್ರುವಿನ ಮುಂದೆ ಕೆಲಸಕ್ಕೆ ಬರುವುದಿಲ್ಲ, ನಿಮಗೇ ಶಾಕ್ ಹೊಡೆಯುತ್ತದೆ.

ಕೈ ಬೀಸದೆ ಗುಂಡಿಯಲ್ಲೇ ಆಡಬಹುದಾ?

2011ರ ಆಟದಲ್ಲಿ ಆಗುತ್ತಿರಲಿಲ್ಲ. 2021ರದ್ದರಲ್ಲಿ ಆಗುತ್ತದೆ. ಬಲಗಡೆಯ ಸ್ಟಿಕ್ಕನ್ನು ಯಾವ ದಿಕ್ಕಿಗೆ ಚಿಮ್ಮಿಸುತ್ತೀರೋ ಆ ದಿಕ್ಕಿಗೆ ಏಟು. ಸ್ಟಿಕ್ಕನ್ನು ಒಳಗೆ ಒತ್ತಿದರೆ ತಿವಿತ. ಬಸ್ಸಿನಲ್ಲಿ ಆಡುವವರಿಗೆ, ಭುಜ ನೋವಿರುವವರಿಗೆ, ಸ್ವಿಚ್ ಲೈಟ್ ಇರುವವರಿಗೆ ಇದೇ ದಾರಿ. ಲೈಟ್‌ನಲ್ಲಿ ಜಾಯ್‌ಕಾನ್ ಬಿಚ್ಚಿಕೊಳ್ಳುವುದಿಲ್ಲ. ಬೇರೆ ಜೊತೆ ಕೊಂಡು ಜೋಡಿಸಿದರೆ ಕೈ ಬೀಸಿ ಆಡಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಗುಂಡಿಯಲ್ಲಿ ಆಡುವುದು ಚುರುಕು, ತಪ್ಪು ಕಡಿಮೆ. ಆದರೆ ಗಿರಾಹಿಮ್‌ನ ಕೈಯನ್ನು ಮೋಸ ಮಾಡುವ ಖುಷಿ ಸ್ಟಿಕ್ಕಿನಲ್ಲಿ ಸಿಗುವುದಿಲ್ಲ. ಜೊತೆಗೆ ಪರದೆಯ ನೋಟ ತಿರುಗಿಸಲು ಎಲ್ ಗುಂಡಿ ಒತ್ತಿಹಿಡಿದೇ ಅದೇ ಸ್ಟಿಕ್ ಬಳಸಬೇಕು. ಅದು ಕಿರಿಕಿರಿ.

ಅವನ ಕತ್ತಿ ತಾಗಿ ನಿಂತರೂ ನನ್ನ ಕೈ ಮುಂದೆ ಹೋಗುತ್ತದೆ. ವಿಚಿತ್ರ ಅನಿಸುತ್ತದೆ.

ಒಳ್ಳೆಯ ಪ್ರಶ್ನೆ. ಈ ಬಗೆಯ ಆಟಗಳ ದೊಡ್ಡ ತೊಂದರೆಯೇ ಇದು.

ನಿಜವಾದ ಕತ್ತಿ ಇನ್ನೊಂದು ಕತ್ತಿಗೆ ತಾಗಿದರೆ ಕೈ ನಿಲ್ಲುತ್ತದೆ. ಇಲ್ಲಿ ತಾಗುವುದಕ್ಕೆ ಏನೂ ಇಲ್ಲ, ಬರೀ ಗಾಳಿ. ಪರದೆಯ ಕತ್ತಿ ಅರ್ಧದಲ್ಲಿ ನಿಂತಿತು, ನಿಮ್ಮ ಕೈ ಪೂರ್ತಿ ಹೋಯಿತು. ಈಗ ಯಾರ ಮಾತು ಕೇಳಬೇಕು? ಪರದೆಯ ಕತ್ತಿ ನಿಮ್ಮ ಕೈಯನ್ನೇ ಅನುಸರಿಸಿದರೆ ಅದು ಶತ್ರುವಿನ ಮೈಯೊಳಗೆ ಹಾದುಹೋಗಬೇಕು. ಅನುಸರಿಸದಿದ್ದರೆ ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ.

ಆಟ ಮಾಡಿದವರು ಇದನ್ನು ಬೇರೆ ಬೇರೆ ರೀತಿ ದಾಟಿದ್ದಾರೆ. ಸ್ಕೈವರ್ಡ್ ಸೋರ್ಡ್‌ನಲ್ಲಿ ಏಟು ತಡೆದಾಗ ಲಿಂಕ್ ಹಿಂದಕ್ಕೆ ತತ್ತರಿಸುತ್ತಾನೆ, ಜಾಯ್‌ಕಾನ್ ನಡುಗುತ್ತದೆ, ಕಣಕಣ ಅಂತ ಸದ್ದು ಬರುತ್ತದೆ. ಆ ಹೊತ್ತಿನಲ್ಲಿ ನೀವು ಕೈಯನ್ನು ಮತ್ತೆ ಸರಿಮಾಡಿಕೊಳ್ಳುತ್ತೀರಿ. ತತ್ತರಿಸುವುದು ಬರೀ ಶಿಕ್ಷೆ ಅಲ್ಲ, ಕೈಗೂ ಪರದೆಗೂ ಮತ್ತೆ ಹೊಂದಿಸುವ ಬಿಡುವು. 2018ರಿಂದ ಸಿಗುತ್ತಿರುವ 'ಬ್ಲೇಡ್ ಆಂಡ್ ಸೋರ್ಸರಿ' ಅನ್ನುವ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್ ಆಟದಲ್ಲಿ ಬೇರೆ ಉಪಾಯ. ಅಲ್ಲಿ ಆಯುಧಕ್ಕೆ ತೂಕ ಇರುವ ಹಾಗೆ ಮಾಡಿದ್ದಾರೆ. ಕೈ ಮುಂದೆ ಹೋದರೂ ಭಾರದ ಕೊಡಲಿ ಹಿಂದೆ ಉಳಿದು ನಿಧಾನಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಮ್ಮ ಕೈಯೇ ತಾನಾಗಿ ನಿಧಾನವಾಗುತ್ತದೆ.

ಚಾಂಬಾರಾದಲ್ಲಿ ನನ್ನ ತಮ್ಮ ಯಾವಾಗಲೂ ನನ್ನನ್ನು ನೀರಿಗೆ ಬೀಳಿಸುತ್ತಾನೆ.

ನೀವು ಹೊಡೆಯುವುದು ಜಾಸ್ತಿ, ತಡೆಯುವುದು ಕಡಿಮೆ ಮಾಡುತ್ತಿರಬೇಕು.

ಸ್ವಿಚ್ ಸ್ಪೋರ್ಟ್ಸ್ 2022ರ ಏಪ್ರಿಲ್‌ನಲ್ಲಿ ಬಂತು. ಅದರಲ್ಲಿರುವ ಚಾಂಬಾರಾ ಅನ್ನುವ ಕತ್ತಿ ಆಟದಲ್ಲಿ ನೀರಿನ ಮೇಲಿನ ಕಟ್ಟೆಯಲ್ಲಿ ಇಬ್ಬರೂ ನಿಲ್ಲಬೇಕು. ಏಟು ತಾಗಿದರೆ ಹಿಂದಕ್ಕೆ ಸರಿಯುತ್ತೀರಿ, ಅಂಚು ದಾಟಿದರೆ ನೀರು. ಹಿಂಬದಿಯ ಟ್ರಿಗರ್ ಗುಂಡಿ ಒತ್ತಿಹಿಡಿದರೆ ತಡೆ. ತಡೆಯುವಾಗ ನಿಮ್ಮ ಕತ್ತಿ ಅವನ ಏಟಿಗೆ ಅಡ್ಡ ಇರಬೇಕು. ಅವನು ಮೇಲಿಂದ ಕೆಳಗೆ ಹೊಡೆದರೆ ನಿಮ್ಮದು ಮಲಗಿರಲಿ, ಅವನು ಅಡ್ಡ ಬೀಸಿದರೆ ನಿಮ್ಮದು ನಿಂತಿರಲಿ. ಸರಿಯಾಗಿ ತಡೆದರೆ ಅವನು ಸ್ವಲ್ಪ ಹೊತ್ತು ಅಲುಗಾಡಲಾರ. ಹೊಡೆಯಬೇಕಾದದ್ದು ಆಗ.

ಒಂದೇ ದಿಕ್ಕಿಗೆ ಹೊಡೆಯುವ ಚಟ ಎಲ್ಲರಿಗೂ ಇರುತ್ತದೆ. ತಮ್ಮನನ್ನು ಎರಡು ಸುತ್ತು ಸುಮ್ನೆ ನೋಡಿ. ಅವನ ಚಟ ಯಾವುದು ಅಂತ ಗೊತ್ತಾಗುತ್ತದೆ. ಅವನಿಗೆ ನಿಮ್ಮದು ಆಗಲೇ ಗೊತ್ತಿರುವ ಹಾಗಿದೆ.

ಇದರಲ್ಲಿ ಮೂರು ಬಗೆಯ ಕತ್ತಿ ಇದೆ: ಸಾದಾ, ತಡೆದಷ್ಟೂ ಶಕ್ತಿ ತುಂಬುವುದು, ಮತ್ತೆ ಎರಡು ಕೈಗೆ ಎರಡು. ಹೊಸಬರು ಸಾದಾ ಹಿಡಿಯಿರಿ.

ಮನೆಯಲ್ಲಿ ಆಡಲು ಎಷ್ಟು ಜಾಗ ಬೇಕು?

ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿ. ಏನೂ ತಾಗಬಾರದು. ಆಮೇಲೆ ಕೈಯನ್ನು ಮೇಲೆತ್ತಿ ನೋಡಿ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ತಗ್ಗು, ಅದರಲ್ಲೂ ಫ್ಯಾನ್ ಹಾಕಿದ್ದರೆ ಕೈ ಎತ್ತುವ ಆಟವೇ ಬೇಡ. ಬಂಡೆ ಹಾಸಿದ ನೆಲದಲ್ಲಿ ಸಾಕ್ಸ್ ಹಾಕಿಕೊಂಡು ಆಡಬೇಡಿ, ಜಾರುತ್ತದೆ. ಚಿಕ್ಕ ಮಕ್ಕಳು ಹಿಂದಿನಿಂದ ಓಡಿ ಬರುತ್ತಾರೆ, ಅವರನ್ನು ಮೊದಲು ಕೂರಿಸಿ.

ಮಣಿಕಟ್ಟಿನ ದಾರ ಹಾಕಲೇಬೇಕು. ನಮ್ಮ ಕೋಣೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. 2006ರಲ್ಲಿ ವೀ ಬಂದಾಗ ಜನ ಬೀಸಿದ ರಭಸಕ್ಕೆ ತೆಳ್ಳಗಿನ ದಾರ ತುಂಡಾಗಿ ರಿಮೋಟ್‌ಗಳು ಹಾರುತ್ತಿದ್ದವು. ಆ ಡಿಸೆಂಬರ್‌ನಲ್ಲೇ ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ದಪ್ಪದಾರಕ್ಕೆ ಬದಲಿಸಿಕೊಡುವುದಾಗಿ ಹೇಳಿತು. ಮರುವರ್ಷ ರಿಮೋಟಿಗೆ ರಬ್ಬರ್ ಕವಚವೂ ಬಂತು. ಇಷ್ಟೆಲ್ಲ ಆಗಿರುವಾಗ ನಿಮ್ಮ ಟಿವಿಯ ಮೇಲೆ ಪ್ರಯೋಗ ಬೇಡ.

ಮತ್ತೊಂದು, ಒಗ್ಗರಣೆ ಮಿರ್ಚಿ ತಿಂದ ಕೈಯಲ್ಲಿ ಜಾಯ್‌ಕಾನ್ ಮುಟ್ಟಬಾರದು. ಸೋಪು ಹಾಕಿ ತೊಳೆದುಕೊಂಡು ಬನ್ನಿ.

ಬೇಸಿಗೆಯಲ್ಲಿ ಆಡಬಹುದಾ?

ಸ್ವಿಚ್ ಬಳಸಲು ಕಂಪನಿ ಹೇಳಿರುವ ಬಿಸಿ 5ರಿಂದ 35 ಡಿಗ್ರಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಮಧ್ಯಾಹ್ನ 40 ದಾಟುತ್ತದೆ. ತಗಡಿನ ಕೋಣೆಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬೆಳಿಗ್ಗೆ ಅಥವಾ ಸಂಜೆ ಆಡಿ. ಸ್ವಿಚ್ಚನ್ನು ಟಿವಿಗೆ ಜೋಡಿಸುವ ಡಾಕ್ ಅನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ಕೂಲರ್ ಹಾಕಿದರೆ ಅದರ ಹಸಿ ಗಾಳಿ ನಿಮ್ಮ ಮೇಲೆ ಬರಲಿ, ಯಂತ್ರದ ಮೇಲೆ ಬೇಡ. ನಮ್ಮ ಊರಿನ ಕೆಂಪು ಧೂಳು ಗಾಳಿ ಹೋಗುವ ಕಿಂಡಿಯಲ್ಲಿ ಕೂರುತ್ತದೆ, ಮೆತ್ತನೆ ಬ್ರಷ್‌ನಿಂದ ಆಗಾಗ ತೆಗೆಯಿರಿ.

ಕರೆಂಟ್ ಹೋದರೆ?

ಟಿವಿ ಹೋಗುತ್ತದೆ, ಆಟ ಹೋಗುವುದಿಲ್ಲ. ಸ್ವಿಚ್ ಒಳಗೇ ಬ್ಯಾಟರಿ ಇದೆ. ಡಾಕಿನಿಂದ ಎತ್ತಿ, ಹಿಂದಿನ ಕಾಲು ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿ ಮುಂದುವರಿಸಿ. ಮೊದಲ ಮಾದರಿ ಎರಡೂವರೆ ಗಂಟೆಯಿಂದ ಆರೂವರೆ ಗಂಟೆ ಬರುತ್ತದೆ, 2019ರ ನಂತರದ್ದು ಇನ್ನೂ ಜಾಸ್ತಿ. ಜಾಯ್‌ಕಾನ್ ಚಾರ್ಜ್ ಸುಮಾರು 20 ಗಂಟೆ.

ಬೀಸಿದ ಮೇಲೆ ಸ್ವಲ್ಪ ತಡವಾಗಿ ಕತ್ತಿ ಅಲುಗುತ್ತದೆ.

ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಟಿವಿಗಳು ಚಿತ್ರವನ್ನು ಚಂದ ಮಾಡಲು ಹೋಗಿ ತಡ ಮಾಡುತ್ತವೆ. ಮುಕ್ಕಾಲು ಪಾಲು ಜನರಿಗೆ ಇಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಸ್ವಿಚ್ ಎಲ್ಲಿಟ್ಟಿದ್ದೀರಿ ನೋಡಿ. ಜಾಯ್‌ಕಾನ್ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ. ಕಬ್ಬಿಣದ ಅಲ್ಮಾರದ ಹಿಂದೆ, ವೈಫೈ ಪೆಟ್ಟಿಗೆಯ ಪಕ್ಕ ಇಟ್ಟರೆ ಮಾತು ತಡವರಿಸುತ್ತದೆ.

ನಾನು ಎಡಚ. ಏನು ಮಾಡಲಿ?

ಸ್ವಿಚ್ ಸ್ಪೋರ್ಟ್ಸ್‌ನಲ್ಲಿ ಯಾವ ಕೈ ಅಂತ ಆರಿಸಿಕೊಳ್ಳಬಹುದು. ಸ್ಕೈವರ್ಡ್ ಸೋರ್ಡ್‌ನಲ್ಲಿ ಲಿಂಕ್ ಬಲಗೈಯವನು. ತಮಾಷೆ ಏನೆಂದರೆ, ಹಳೆಯ ಜೆಲ್ಡಾ ಆಟಗಳಲ್ಲಿ ಅವನು ಎಡಚನೇ. ಜನ ರಿಮೋಟನ್ನು ಬಲಗೈಯಲ್ಲಿ ಹಿಡಿಯುತ್ತಾರೆಂದು ಅವನನ್ನೇ ಬದಲಿಸಿದರು. ಎಡಚರು ಬಲ ಜಾಯ್‌ಕಾನನ್ನು ಎಡಗೈಯಲ್ಲಿ ಹಿಡಿದು ಆಡಬಹುದು, ಏಟಿನ ದಿಕ್ಕು ಸರಿಯಾಗಿಯೇ ಬರುತ್ತದೆ.

ಭುಜ ನೋಯುತ್ತದೆ. ಒಳ್ಳೆಯದಾ ಕೆಟ್ಟದ್ದಾ?

ನೋವು ಬಂದರೆ ನಿಲ್ಲಿಸಿ, ಅಷ್ಟೇ. 2007ರಲ್ಲೇ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಬ್ಬ ವೈದ್ಯರು, ವೀಯಲ್ಲಿ ಗಂಟೆಗಟ್ಟಲೆ ಟೆನಿಸ್ ಆಡಿ ಬಲ ಭುಜ ಹಿಡಿದುಕೊಂಡ ಬಗ್ಗೆ ಬರೆದಿದ್ದರು. ಆ ನೋವಿಗೆ ಯಂತ್ರದ ಹೆಸರನ್ನೇ ಇಟ್ಟರು. ರಿಮೋಟ್ ತುಂಬಾ ಹಗುರ ಇರುವುದರಿಂದ ಎಷ್ಟು ಬೀಸಿದೆವು ಅಂತ ಗೊತ್ತಾಗುವುದಿಲ್ಲ.

ಇದರಿಂದ ನಿಜವಾದ ಕತ್ತಿ ವರಸೆ ಬರುತ್ತದಾ?

ಅಪ್ಪಂದಿರು ಕೇಳುವ ಪ್ರಶ್ನೆ. ಬರುವುದಿಲ್ಲ. ಬಲಗೈಯ ಜಾಯ್‌ಕಾನ್ ತೂಕ ಸುಮಾರು 52 ಗ್ರಾಂ. ನಿಜವಾದ ಕತ್ತಿ ಕಿಲೋ ಆಸುಪಾಸು. ಬೀಸಿದ ಕತ್ತಿಯನ್ನು ನಿಲ್ಲಿಸುವುದೇ ಒಂದು ವಿದ್ಯೆ. ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತಾ ಖಡ್ಗ ಹಿಡಿದು ಕುಣಿಯುವ ಪುರವಂತರ ಕಾಲು ನೋಡಿ. ಕೈಗಿಂತ ಕಾಲಿನ ಕೆಲಸ ಜಾಸ್ತಿ. ಈ ಆಟದಲ್ಲಿ ಕಾಲಿಗೆ ಕೆಲಸವೇ ಇಲ್ಲ, ನಡೆಯುವುದು ಹೆಬ್ಬೆರಳು.

ಎದುರಿನವನ ಕೈ ನೋಡಿ ಕಾಯುವುದನ್ನು ಮಾತ್ರ ಕಲಿಸುತ್ತದೆ. ಇದನ್ನು ಆಡಿ ಮಗ ಜಗಳಗಂಟ ಆಗುತ್ತಾನಾ ಅಂತ ಕೇಳುವವರಿಗೆ: ಸ್ಕೈವರ್ಡ್ ಸೋರ್ಡ್‌ನಲ್ಲಿ ರಕ್ತ ಇಲ್ಲ, ಸತ್ತ ಶತ್ರು ಹೊಗೆಯಾಗಿ ಹೋಗುತ್ತದೆ.

ಕೃಷ್ಣದೇವರಾಯನ ಕತ್ತಿ ಬೀಸುವ ಆಟ ಇದೆಯಾ?

ನಮ್ಮ ಕೋಣೆಯಲ್ಲಿ ಇಲ್ಲ. ಯಾರಾದರೂ 1520ರ ರಾಯಚೂರು ಕಾಳಗವನ್ನು ಆಟ ಮಾಡಿದರೆ ಮೊದಲ ಗಿರಾಕಿ ನಾನೇ. ಆದರೆ ಬರೀ ಕತ್ತಿಯ ಆಟ ಮಾಡಿದರೆ ಇತಿಹಾಸಕ್ಕೆ ಅನ್ಯಾಯ. ಅಲ್ಲಿ ಇಸ್ಮಾಯಿಲ್ ಆದಿಲ್ ಶಾನ ಕಡೆ ತೋಪುಗಳಿದ್ದವು, ರಾಯನ ಕಡೆ ಪೋರ್ಚುಗೀಸ್ ಬಂದೂಕುಗಾರರು ನಿಂತು ರಾಯಚೂರು ಕೋಟೆ ಗೋಡೆಯ ಮೇಲಿನವರಿಗೆ ಗುರಿಯಿಟ್ಟಿದ್ದರು.

ವಿಆರ್‌ನಲ್ಲಿ ಇನ್ನೂ ಚೆನ್ನಾಗಿರುತ್ತದಾ?

ಕತ್ತಿಯ ಮಟ್ಟಿಗೆ ಹೌದು. ವಿಆರ್ ಹೆಡ್‌ಸೆಟ್‌ಗಳು ಕ್ಯಾಮೆರಾದಿಂದ ನಿಮ್ಮ ಕೈ ಎಲ್ಲಿದೆ ಅಂತಲೂ ನೋಡುತ್ತವೆ. ಕತ್ತಿ ಅಕ್ಕಪಕ್ಕಕ್ಕೆ ಜಾರುವುದಿಲ್ಲ. ಆದರೆ ಕೋಣೆಯ ಗೋಡೆ ಕಾಣುವುದಿಲ್ಲ, ಜಾಗ ಇನ್ನೂ ಜಾಸ್ತಿ ಬೇಕು. ಟೆರೇಸ್ ಮೇಲೆ ಬಿಸಿಲಲ್ಲಿ ಹೆಡ್‌ಸೆಟ್ ಇಡಲೇಬೇಡಿ. ಲೆನ್ಸ್ ಒಳಗೆ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಹಳೆಯ ವೀ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ತಗೊಳ್ಳಲಾ?

ನೋಡಿ ತಗೊಳ್ಳಿ. ಮೂರು ವಿಷಯ ಕೇಳಿ.

ರಿಮೋಟಿನಲ್ಲಿ ಮೋಷನ್‌ಪ್ಲಸ್ ಇದೆಯಾ? 2006ರ ಮೊದಲ ರಿಮೋಟಿನಲ್ಲಿ ಅಕ್ಸೆಲೆರೋಮೀಟರ್ ಮಾತ್ರ ಇತ್ತು, ಗೈರೋಸ್ಕೋಪ್ ಇರಲಿಲ್ಲ. ಅದಕ್ಕೇ ಆ ಕಾಲದ ಕತ್ತಿ ಆಟಗಳಲ್ಲಿ ಸುಮ್ನೆ ಕೈ ಒದರಿದರೂ ಏಟು ಬೀಳುತ್ತಿತ್ತು. 2009ರಲ್ಲಿ 'ವೀ ಸ್ಪೋರ್ಟ್ಸ್ ರೆಸಾರ್ಟ್' ಜೊತೆ ಮೋಷನ್‌ಪ್ಲಸ್ ಅನ್ನುವ ಚಿಕ್ಕ ತುಂಡು ಬಂತು, ರಿಮೋಟಿನ ಕೆಳಗೆ ಸಿಕ್ಕಿಸುವುದು. 2010ರಿಂದ ಅದು ರಿಮೋಟಿನ ಒಳಗೇ ಇದೆ. ಸ್ಕೈವರ್ಡ್ ಸೋರ್ಡ್ ಅದಿಲ್ಲದೆ ಶುರುವೇ ಆಗುವುದಿಲ್ಲ.

ಯಾವ ದೇಶದ ಯಂತ್ರ? ಅಮೆರಿಕದ ವೀಗೆ ಅಮೆರಿಕದ ಡಿಸ್ಕೇ ಬೇಕು. ಅದರ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಅಲ್ಲೇ ಮುಗಿಯಿತು. ಸ್ವಿಚ್‌ನ ಅಡಾಪ್ಟರಿಗೆ ಈ ತೊಂದರೆ ಇಲ್ಲ, 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ.

ಟಿವಿ ಕಿಟಕಿಯ ಎದುರು ಇದೆಯಾ? ವೀ ರಿಮೋಟಿನ ಮುಂದೆ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಟಿವಿಯ ಮೇಲೆ ಇಡುವ ಪಟ್ಟಿಯ ಬೆಳಕನ್ನು ಅದು ನೋಡುತ್ತದೆ. ಅದನ್ನು ಸೆನ್ಸರ್ ಬಾರ್ ಅಂತ ಕರೆದರೂ ಅದರಲ್ಲಿ ಸೆನ್ಸರ್ ಇಲ್ಲ, ಬರೀ ದೀಪ. ನಮ್ಮ ಬಿಸಿಲಲ್ಲೂ ಇನ್‌ಫ್ರಾರೆಡ್ ಧಾರಾಳ ಇದೆ, ಹಾಗಾಗಿ ಮೆನುವಿನ ಬಾಣ ಎಲ್ಲೆಲ್ಲೋ ಹಾರುತ್ತದೆ. ಕಿಟಕಿಯ ಪರದೆ ಎಳೆಯಿರಿ. ಪಟ್ಟಿ ಕೆಟ್ಟಿದ್ದರೆ ಟಿವಿಯ ಎರಡು ಕಡೆ ಮೇಣದಬತ್ತಿ ಹಚ್ಚಿಟ್ಟರೂ ಬಾಣ ನಡೆಯುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಹಾಕಿಸಿ, ಎಂಟೂ ದಿಕ್ಕಿಗೆ ಬೀಸಿ ನೋಡಿ.